ಉಣ್ಣೆ ಸುತ್ತಿದ ತುದಿ

ವಿಶ್ವವಿದ್ಯಾಲಯದ ಆ ತರಗತಿಯಲ್ಲಿ ಎಲ್ಲರಿಗೂ ಅವಳು ಚಿಕ್ಕಮ್ಮ. ನಿಜವಾಗಿ ಚಿಕ್ಕಮ್ಮನಾಗಿದ್ದುದು ಒಬ್ಬಳಿಗೆ ಮಾತ್ರ, ಅಕ್ಕನ ಮಗಳಿಗೆ. ಆ ಹುಡುಗಿ ಮೊದಲ ದಿನ ನಡುವಿನ ಬೆಂಚಿನಿಂದ "ಚಿಕ್ಕಮ್ಮಾ, ಇಲ್ಲಿ ಜಾಗ ಇದೆ ಬಾ" ಅಂತ ಕೂಗಿದ್ದೇ ತಡ, ಸಂಜೆಯೊಳಗೆ ಅದೇ ಹೆಸರು ನಿಂತಿತು. ಹಾಜರಿ ಕೂಗುವ ಗುಮಾಸ್ತನೂ ಒಂದು ಸಲ ಬಾಯಿ ತಪ್ಪಿ ಹಾಗೇ ಕರೆದ. ತನಗಿಂತ ಇಪ್ಪತ್ತೈದು ವರ್ಷ ಚಿಕ್ಕವರ ನಡುವೆ ಕೂತವಳಿಗೆ ಬೇರೆ ಯಾವ ಹೆಸರು ಒಪ್ಪುತ್ತಿತ್ತು ಹೇಳಿ.

ಅಕ್ಕನ ಮಗಳಿಗೆ ಸೂಜಿ ಅಂತ ಹೆಸರು ಬಿದ್ದಿತ್ತು. ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕು ಎಳೆದವಳು. ಮಗಳು ಸಣ್ಣಗೆ, ನೆಟ್ಟಗೆ, ಚೂಪಾಗಿ ಬೆಳೆದಳು. ಎಂಥ ದಪ್ಪ ಲೆಕ್ಕವಾದರೂ ಈ ಕಡೆ ಹೊಕ್ಕು ಆ ಕಡೆ ಬರುತ್ತಿದ್ದಳು.

ಚಿಕ್ಕಮ್ಮ ದೊಡ್ಡಾಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಬೆಯ ಇಸ್ತ್ರಿ ಯಂತ್ರದ ಮುಂದೆ ಅರ್ಧ ಆಯುಸ್ಸು ನಿಂತಿದ್ದಳು. ಆಸ್ಪತ್ರೆಯವರು ಒಗೆಯುವ ಕೆಲಸ ಹೊರಗಿನವರಿಗೆ ಕೊಟ್ಟು ವಿಭಾಗಕ್ಕೆ ಬೀಗ ಹಾಕಿದರು. ಅದೇ ವರ್ಷ ವಿಶ್ವವಿದ್ಯಾಲಯದಲ್ಲಿ ನಲವತ್ತು ದಾಟಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು ಅಂತ ನಿಯಮ ಬಂತು. ಹಳ್ಳಿಯ ಶಾಲೆಯಲ್ಲಿ ಓದಿ, ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಪಾಸಾಗಿದ್ದ ಹೆಂಗಸು. ಲೆಕ್ಕ ಅಂದರೆ ಮೊದಲಿಂದ ಆಸೆ. "ಬಾಯಲ್ಲೇ ಎಷ್ಟು ದಿನ ಲೆಕ್ಕ ಹೇಳ್ತೀಯ, ಬಂದು ಬರೆದು ತೋರಿಸು" ಅಂತ ಸೂಜಿ ಕೆಣಕಿದಳು. ಇಬ್ಬರೂ ಬರೆದರು. ಸೂಜಿ ಪಟ್ಟಿಯ ತಲೆಯಲ್ಲಿ, ಚಿಕ್ಕಮ್ಮ ಬಾಲದಲ್ಲಿ. ಬಸ್ ಓಡಿಸುವ ಗಂಡ ಹೇಳಿದ, "ಇಷ್ಟು ವರ್ಷ ನಾನು ರೂಟ್ ತಪ್ಪಲಿಲ್ಲ. ನೀನು ನೋಡಿದ್ರೆ ಮುದುಕಿ ಆಗೋ ಹೊತ್ತಿಗೆ ಡೈವರ್ಷನ್ ತಗೊಂಡೆ."

ಸೇರಿದ್ದು ಅನ್ವಯಿಕ ಗಣಿತ. ಭೌತ ವಿಜ್ಞಾನದವರಿಗೆ ಬೇಕಾಗುವ ಗಣಿತ ಅದು. "ಬಿಸಿ ಹೇಗೆ ಹರಿಯುತ್ತೆ, ತಂತಿ ಹೇಗೆ ನಡುಗುತ್ತೆ, ನೀರು ಹೇಗೆ ಸುತ್ತುತ್ತೆ, ಇದನ್ನೆಲ್ಲ ಮೊದಲು ಕಾಗದದ ಮೇಲೆ ನಡೆಸಿ ನೋಡೋದು" ಅಂತ ಸೂಜಿ ಅವರಮ್ಮನಿಗೆ ಹೇಳಿದ್ದಳು. ಅಕ್ಕ ದಾರ ಹಲ್ಲಲ್ಲಿ ಕಡಿಯುತ್ತಾ, "ಕಾಗದದ ಮೇಲೆ ನೀರು ಸುತ್ತಿಸಿದ್ರೆ ಕಾಗದ ಒದ್ದೆ ಆಗುತ್ತೆ, ಅಷ್ಟೇ" ಅಂದಿದ್ದಳು.

ಚಿಕ್ಕಮ್ಮನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕ್ಯಾಂಟೀನಿನಲ್ಲಿ ಚಹಾ ತಣ್ಣಗಾಗಿದ್ದರೆ ಅವಳೇ ಕೂಗಬೇಕು. ಪಾಠದ ಕೋಣೆಯ ಫ್ಯಾನು ಕೆಟ್ಟರೆ ಅವಳೇ ಕಚೇರಿಗೆ ನುಗ್ಗಬೇಕು. ಹುಡುಗರು ತಮ್ಮ ಜಗಳಗಳನ್ನೆಲ್ಲ ಅವಳ ಕೈಗೆ ಕೊಟ್ಟು ಹಿಂದೆ ನಿಂತು ನಗುತ್ತಿದ್ದರು. ಇಷ್ಟು ಬಾಯಿ ಇದ್ದವಳಿಗೆ ಒಂದೇ ಒಂದು ಮಾತು ಬಾಯಿಗೆ ಬರುತ್ತಿರಲಿಲ್ಲ. ಅದು, "ನನಗೆ ಅರ್ಥ ಆಗಲಿಲ್ಲ" ಅನ್ನುವುದು.

ಮೊದಲೆರಡು ತಿಂಗಳು ಹೇಗೋ ನಡೆಯಿತು. ಆಮೇಲೆ ಶಾಖದ ಸಮೀಕರಣ ಬಂತು. ಪಾಠ ಮಾಡುತ್ತಿದ್ದವರು ಸೊನ್ನೆ ಮೇಷ್ಟ್ರು. ಯಾವ ಸಮೀಕರಣ ಬರೆದರೂ ಎಲ್ಲವನ್ನೂ ಎಡಕ್ಕೆ ತಳ್ಳಿ ಬಲಕ್ಕೆ ಒಂದು ದುಂಡನೆಯ ಸೊನ್ನೆ ಇಟ್ಟು ಸುಣ್ಣದ ಕಡ್ಡಿ ಕೆಳಗಿಡುತ್ತಿದ್ದರು. ಮೆಲುದನಿಯ ಮನುಷ್ಯ. ಒಂದು ದಿನ ಅವರು ಇಡೀ ತರಗತಿಗೆ, "ಈ ವಯಸ್ಸಿನಲ್ಲಿ ಇವರು ಬಂದು ಕೂತಿದ್ದಾರೆ, ಒಂದು ದಿನವೂ ತಪ್ಪಿಸಿಲ್ಲ, ನೋಡಿ ಕಲಿತುಕೊಳ್ಳಿ" ಅಂದರು. ಒಳ್ಳೆಯ ಮಾತೇ. ಆದರೆ ಆವತ್ತಿನಿಂದ ಚಿಕ್ಕಮ್ಮನ ಬಾಯಿಗೆ ಬೀಗ ಬಿತ್ತು. ನೋಡಿ ಕಲಿಯಬೇಕಾದವಳೇ ಎದ್ದು ನಿಂತು ತಲೆ ಬುಡ ತಿಳಿಯಲಿಲ್ಲ ಅಂತ ಹೇಗೆ ಹೇಳುವುದು? ಹಲಗೆಯ ಮೇಲಿದ್ದುದನ್ನು ಅಕ್ಷರವೂ ಬಿಡದೆ ಇಳಿಸಿಕೊಳ್ಳುತ್ತಿದ್ದಳು. ಸೂಜಿ "ತಿಳೀತಾ?" ಅಂದರೆ "ಅದರಲ್ಲೇನಿದೆ" ಅನ್ನುತ್ತಿದ್ದಳು.

ಆ ಅರ್ಧ ವರ್ಷದ ಅವಧಿಯ ಕೊನೆಗೆ ಜೋಡಿಯಾಗಿ ಮಾಡುವ ಒಂದು ಪ್ರಯೋಗವಿತ್ತು. ಮೊಳದುದ್ದದ ಹಿತ್ತಾಳೆ ಸರಳು. ಒಂದು ತುದಿ ಹಬೆಯ ಪೆಟ್ಟಿಗೆಯೊಳಗೆ, ಇನ್ನೊಂದು ತುದಿ ತಣ್ಣೀರು ಹರಿಯುವ ಬಟ್ಟಲಿನಲ್ಲಿ. ಬಿಸಿ ಪಕ್ಕಕ್ಕೆ ಸೋರದಂತೆ ಸರಳಿನ ಮೈಗೆ ಉಣ್ಣೆ. ಅಲ್ಲಲ್ಲಿ ತೂತು ಕೊರೆದು ಥರ್ಮಾಮೀಟರು ಇಳಿಬಿಟ್ಟಿರುತ್ತಾರೆ. ಮೊದಲು ಸಮೀಕರಣ ಬಿಡಿಸಿ, ಯಾವ ಜಾಗ ಯಾವ ಹೊತ್ತಿಗೆ ಎಷ್ಟು ಬಿಸಿಯಾಗುತ್ತದೆ ಅಂತ ಗೆರೆ ಎಳೆದಿಟ್ಟುಕೊಳ್ಳಬೇಕು. ಆಮೇಲೆ ನಿಜವಾಗಿ ಅಳೆದು ಆ ಗೆರೆಯ ಪಕ್ಕ ಚುಕ್ಕಿ ಇಡಬೇಕು. ಜೋಡಿಗೆ ಒಂದೇ ಅಂಕ. ಸೂಜಿ ಚಿಕ್ಕಮ್ಮನನ್ನೇ ಜೋಡಿ ಮಾಡಿಕೊಂಡಳು.

ಆ ಅಂಕಕ್ಕೆ ಈ ಸಲ ಬೆಲೆ ಹೆಚ್ಚಿತ್ತು. ದೂರದ ಬೆಟ್ಟದ ಮೇಲೆ ಭೂಕಂಪ ಅಳೆಯುವ ಕೇಂದ್ರವೊಂದಿದೆ. ರಜೆಯಲ್ಲಿ ಅಲ್ಲಿ ಕೆಲಸ ಕಲಿಯಲು ಈ ತರಗತಿಯಿಂದ ಒಬ್ಬರನ್ನು ಕರೆಸಿಕೊಳ್ಳುತ್ತಾರೆ ಅಂತ ಮೇಷ್ಟ್ರು ಹೇಳಿದ್ದರು. ಅಲ್ಲಿ ಕಾಲಿಟ್ಟವರಿಗೆ ಮುಂದಿನ ದಾರಿ ತಾನಾಗಿ ತೆರೆಯುತ್ತಿತ್ತು. ಸೂಜಿ ಊಟ ನಿದ್ದೆ ಬಿಟ್ಟು ಅದನ್ನೇ ಜಪಿಸುತ್ತಿದ್ದಳು. ಕೇಂದ್ರದವರು ಸಂದರ್ಶನಕ್ಕೆ ಕರೆದರು. ಕರೆದ ದಿನವೇ ಪ್ರಯೋಗದ ದಿನ.

"ನೀನು ಹೋಗು. ಗೆರೆ ಎಳೆದಿಟ್ಟಿದ್ದೀಯಲ್ಲ, ಚುಕ್ಕಿ ಇಡೋಕೆ ನಾನೊಬ್ಬಳು ಸಾಕು" ಅಂದಳು ಚಿಕ್ಕಮ್ಮ.

"ಮೇಷ್ಟ್ರನ್ನ ಕೇಳಿ ದಿನ ಬದಲಾಯಿಸಿಕೊಳ್ಳೋಣ."

"ಹಬೆ ಮುಂದೆ ನಿಂತು ಕೂದಲು ಬಿಳಿ ಮಾಡ್ಕೊಂಡವಳು ನಾನು. ನನಗೆ ಬಿಸಿ ಅಳೆಯೋದು ನೀನು ಹೇಳಿಕೊಡ್ತೀಯಾ? ನಡಿ, ಬಸ್ ತಪ್ಪುತ್ತೆ."

ಅವಳು ಹೋದಳು.

ಪ್ರಯೋಗಾಲಯ ಉದ್ದನೆಯ ಕೋಣೆ. ಕಲ್ಲುಮೇಜುಗಳು, ಕೊಳಾಯಿಗಳು, ಒದ್ದೆ ನೆಲ. ಚಿಕ್ಕಮ್ಮ ಏಪ್ರನ್ ಕಟ್ಟಿಕೊಂಡು ತನ್ನ ಮೇಜಿಗೆ ಬಂದಾಗ ಅಟೆಂಡರ್ ಮೇಜಿಂದ ಮೇಜಿಗೆ ಹೋಗಿ ಬಟ್ಟಲುಗಳನ್ನು ಎತ್ತಿ ಬುಟ್ಟಿಗೆ ಹಾಕುತ್ತಿದ್ದ.

"ಎಲ್ಲಾ ಸೋರ್ತಾ ಇವೆ ಕಣಮ್ಮ. ಈ ಸಲ ಬಟ್ಟಲು ಬೇಡ ಅಂದಿದ್ದಾರೆ. ಆ ತುದಿಗೂ ಉಣ್ಣೆ ಸುತ್ತಿಬಿಡಿ" ಅಂದ.

"ಸುತ್ತಿದ್ರೆ ಆಯ್ತು" ಅಂದಳು ಚಿಕ್ಕಮ್ಮ. ಚೆನ್ನಾಗಿಯೇ ಸುತ್ತಿದಳು. ದಾರ ಬಿಗಿದು ಅಂಚು ಒಳಗೆ ಮಡಚಿ ಒಪ್ಪವಾಗಿ ಕಟ್ಟಿದಳು. ಪಕ್ಕದ ಮೇಜಿನ ಹುಡುಗರು ಮಾತ್ರ ತಲೆ ಕೆರೆದುಕೊಂಡು, "ಅಯ್ಯೋ, ಹಾಗಾದ್ರೆ ಲೆಕ್ಕ ಎಲ್ಲಾ ಮೊದಲಿಂದ ಮಾಡಬೇಕಲ್ಲೋ" ಅಂತ ಕಾಗದ ಹರಡಿ ಕೂತರು. ಅದು ಅವಳ ಕಿವಿಗೆ ಬಿತ್ತು. ಯಾಕೆ ಮೊದಲಿಂದ ಅಂತ ಕೇಳಬಹುದಿತ್ತು. ಕೇಳಿದರೆ ತಿಳಿದಿಲ್ಲ ಅಂತ ಗೊತ್ತಾಗುತ್ತದೆ. ತುದಿ ತಾನೇ, ಅಲ್ಲೇನು ಮಹಾ, ಅಂದುಕೊಂಡು ಹಬೆಯ ತಿರುಪು ಬಿಟ್ಟಳು.

ಮೊದಮೊದಲು ಚುಕ್ಕಿಗಳು ಸೂಜಿಯ ಗೆರೆಯ ಮೇಲೆ ಬಂದು ಬಂದು ಕೂತವು. ಚಿಕ್ಕಮ್ಮನ ಮುಖ ಅರಳಿತು. ಬಟ್ಟೆಯ ಮಡಿಕೆ ಅಂಚಿಗೆ ಅಂಚು ಕೂಡಿದಾಗ ಆಗುವಂಥ ಖುಷಿ. ಆಮೇಲೆ ಉಣ್ಣೆ ಸುತ್ತಿದ ತುದಿಯ ಹತ್ತಿರದ ಥರ್ಮಾಮೀಟರು ಗೆರೆ ಬಿಟ್ಟು ಮೇಲೇರಿತು. ಏರಿದ್ದು ನಿಲ್ಲಲಿಲ್ಲ. ಗೆರೆ ಹೇಳುವ ಪ್ರಕಾರ ಆ ತುದಿ ಬೆಚ್ಚಗಾಗಿ ಸುಮ್ಮನಿರಬೇಕು. ಇದು ಕೈಬಿಟ್ಟ ದನದ ಹಾಗೆ ಹೋಗುತ್ತಲೇ ಇತ್ತು. ಅವಳು ಥರ್ಮಾಮೀಟರನ್ನು ಬೆರಳಿಂದ ತಟ್ಟಿದಳು. ತೆಗೆದು ಒರೆಸಿ ಮತ್ತೆ ಇಟ್ಟಳು. ಪಾದರಸ ಅಲ್ಲಿಗೇ ಏರಿ ನಿಂತಿತು. ಉಣ್ಣೆಯ ಮೇಲೆ ಅಂಗೈ ಇಟ್ಟು ನೋಡಿದಳು. ಬಿಸಿ ಇತ್ತು. ಅವಳ ಕೈಗೆ ಬಿಸಿ ಗೊತ್ತಾಗದೆ ಇರುತ್ತದೆಯೇ.

ಆದರೆ ಕಾಗದದ ಮೇಲಿದ್ದುದು ಸೂಜಿಯ ಗೆರೆ. ಸೂಜಿಯ ಲೆಕ್ಕ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ತನ್ನ ಕೈಯಿಂದ ಕೆಟ್ಟ ಕೆಲಸಗಳನ್ನು ಬೇಕಾದಷ್ಟು ಕಂಡಿದ್ದಳು. ಹಾಗಾಗಿ ತಪ್ಪು ಎಲ್ಲಿದೆ ಅನ್ನುವುದು ಅವಳಿಗೆ ಒಂದು ನಿಮಿಷದಲ್ಲಿ ತೀರ್ಮಾನವಾಯಿತು. ಥರ್ಮಾಮೀಟರು ಕೆಟ್ಟಿದೆ, ಇಲ್ಲ ತಾನೇ ಏನೋ ಕೆಡಿಸಿದ್ದೇನೆ. ಸೂಜಿ ಅಲ್ಲಿ ದೊಡ್ಡವರ ಮುಂದೆ ಕೂತಿರುವಾಗ ಇಲ್ಲಿ ತಾನು ಅವಳ ಅಂಕಕ್ಕೆ ಕಲ್ಲು ಹಾಕುವುದೇ? ಪೆನ್ನು ತೆಗೆದು, ಗೆರೆ ಏನು ಹೇಳುತ್ತದೋ ಅದನ್ನೇ ಬರೆದಳು. ಪೂರ್ತಿ ಹಾಗೇ ಬರೆದರೆ ಗೊತ್ತಾಗುತ್ತದೆ ಅಂತ ಒಂದು ಕಡೆ ಚೂರು ಹೆಚ್ಚು, ಒಂದು ಕಡೆ ಚೂರು ಕಡಿಮೆ. ಬರೆಯುವಾಗ ಥರ್ಮಾಮೀಟರಿನ ಕಡೆ ನೋಡಲಿಲ್ಲ. ಯಾರದೋ ಮುಖ ತಪ್ಪಿಸಿ ನಡೆಯುವ ಹಾಗೆ ಬೆನ್ನು ತಿರುಗಿಸಿ ಕೂತು ಬರೆದಳು.

ಸಂಜೆ ಸೂಜಿ ಓಡಿಕೊಂಡು ಬಂದಳು. "ಚೆನ್ನಾಗಾಯ್ತು ಚಿಕ್ಕಮ್ಮ. ಲ್ಯಾಬಿನ ಅಂಕ ಬಂದ್ರೆ ಆಯ್ತು ಅಂದ್ರು. ನಮ್ಮದು ಹೇಗಾಯ್ತು?"

ಚುಕ್ಕಿಗಳನ್ನು ನೋಡಿ ಅವಳ ಕಣ್ಣು ಹೊಳೆಯಿತು. "ಇಷ್ಟು ಚೆನ್ನಾಗಿ ಬಂತಾ? ಅಬ್ಬಾ, ನಿನ್ನ ಕೈಗುಣ." ಹೇಳಿ ಚಿಕ್ಕಮ್ಮನ ಕೆನ್ನೆಗೆ ಕೆನ್ನೆ ಒತ್ತಿದಳು. ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದು, "ಊಟ ಮಾಡಿದೆಯಾ?" ಅಂತ ಕೇಳಿದಳು.

ಮೌಖಿಕ ಪರೀಕ್ಷೆ ಅದೇ ಪ್ರಯೋಗಾಲಯದಲ್ಲಿ ನಡೆಯಿತು. ಉಳಿದ ಜೋಡಿಗಳು ಹಿಂದಿನ ಮೇಜುಗಳಲ್ಲಿ ಕಾಯುತ್ತಿದ್ದವು. ಸೊನ್ನೆ ಮೇಷ್ಟ್ರು ಇವರ ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಇಷ್ಟು ಚೆನ್ನಾಗಿ ಸಾಮಾನ್ಯವಾಗಿ ಬರೋದಿಲ್ಲ" ಅಂದರು.

ಅಷ್ಟೇ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿಕ್ಕಮ್ಮ ಎದ್ದೇ ನಿಂತಳು.

"ಅಂದ್ರೆ ಏನು ಸಾರ್? ಚೆನ್ನಾಗಿ ಬಂದ್ರೂ ತಪ್ಪಾ? ಚೆನ್ನಾಗಿ ಬರದೇ ಇದ್ರೂ ತಪ್ಪಾ?"

"ನಾನು ತಪ್ಪು ಅಂತ ಹೇಳಲಿಲ್ಲ..."

"ಬಾಯಲ್ಲಿ ಹೇಳಲಿಲ್ಲ, ಮುಖದಲ್ಲಿ ಹೇಳ್ತಾ ಇದ್ದೀರಿ. ಇಸ್ತ್ರಿ ಹಿಡಿದ ಕೈ, ಇವಳಿಗೆಲ್ಲಿ ಬರುತ್ತೆ ಅಂತ ತಾನೇ? ಈ ಹುಡುಗಿ ಅಮ್ಮ ಕತ್ತು ಬಗ್ಗಿಸಿ ಊರವರ ಬಟ್ಟೆ ಹೊಲಿದು ಇವಳನ್ನ ಓದಿಸ್ತಾ ಇದ್ದಾಳೆ. ನಮ್ಮಂಥವರು ಮಾಡಿದ್ದು ನೆಟ್ಟಗಿದ್ರೆ ನಿಮಗೆ ಅನುಮಾನ. ದೊಡ್ಡವರ ಮನೆ ಮಕ್ಕಳು ತಂದಿದ್ರೆ ಭೇಷ್ ಅಂತಿದ್ರಿ."

ಹಿಂದಿನ ಮೇಜಿನಿಂದ ಒಬ್ಬ ಹುಡುಗ ಮೆಲ್ಲಗೆ, "ಚಿಕ್ಕಮ್ಮ ಹೇಳಿದ್ದು ಸರಿ" ಅಂದ. ಆ ಮಾತು ಅವಳಿಗೆ ಇನ್ನಷ್ಟು ಗಾಳಿ ಹಾಕಿತು. "ಕೇಳಿ ಇವರನ್ನೇ" ಅಂದಳು. ಸೂಜಿ ಅವಳ ಸೆರಗು ಎಳೆಯುತ್ತಿದ್ದಳು.

ಮೇಷ್ಟ್ರ ಮುಖ ಕೆಂಪಾಯಿತು. ಆ ಮನುಷ್ಯ ನಿಜವಾಗಿ ನಾಚಿಕೊಂಡರು. "ಹಾಗೆ ಅನ್ನಿಸಿದ್ದರೆ ಕ್ಷಮಿಸಿ" ಅಂದರು. ಆಮೇಲೆ ಸೂಜಿಯ ಕಡೆ ತಿರುಗಿದರು. "ನೀನು ಹೇಳಮ್ಮ. ಈ ತುದಿಯಲ್ಲಿ ಏನಿತ್ತು ಅಂತ ಲೆಕ್ಕಕ್ಕೆ ತಗೊಂಡೆ?"

"ತಣ್ಣೀರಿನ ಬಟ್ಟಲು ಸಾರ್."

"ಬಟ್ಟಲು ಇತ್ತಾ?"

"ಇತ್ತು ಸಾರ್" ಅಂದಳು ಸೂಜಿ. ಒಂದು ಚೂರೂ ಅಳುಕಿಲ್ಲದೆ ಅಂದಳು. ಅವಳಿಗೇನು ಗೊತ್ತು.

ಹಿಂದಿನ ಮೇಜಿನಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಮೇಷ್ಟ್ರು ಪಕ್ಕದಲ್ಲಿದ್ದ ಉಳಿದ ಜೋಡಿಗಳ ಗ್ರಾಫುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಎಲ್ಲದರಲ್ಲೂ ಆ ತುದಿಯ ಚುಕ್ಕಿಗಳು ಮೇಲಕ್ಕೆ ಏರಿದ್ದವು. ಒಂದರಲ್ಲಿ ಅಂಕುಡೊಂಕು, ಇನ್ನೊಂದರಲ್ಲಿ ಮಸಿ ಚೆಲ್ಲಿತ್ತು. ಆದರೂ ಎಲ್ಲ ಒಂದೇ ದಿಕ್ಕಿಗೆ. ಇವರದು ಮಾತ್ರ ಮಟ್ಟಸವಾಗಿ ಕೆಳಗೆ ಮಲಗಿತ್ತು.

"ಬಟ್ಟಲುಗಳು ಸೋರುತ್ತಿದ್ದವು ಅಂತ ಆ ವಾರ ಎಲ್ಲವನ್ನೂ ತೆಗೆಸಿದ್ದೆ. ಎಲ್ಲರ ತುದಿಗೂ ಉಣ್ಣೆಯೇ ಇದ್ದದ್ದು" ಅಂದರು ಮೇಷ್ಟ್ರು. ಧ್ವನಿ ಏರಿಸಲಿಲ್ಲ. "ಈ ಕಡೆಯಿಂದ ಬಿಸಿ ಬರ್ತಾನೇ ಇದೆ. ಆ ತುದಿ ಮುಚ್ಚಿದೆ. ಹೊರಗೆ ಹೋಗೋಕೆ ದಾರಿ ಇಲ್ಲ. ಅಂದ ಮೇಲೆ ಬಿಸಿ ಎಲ್ಲಿಗೆ ಹೋಯ್ತು?"

ಇಷ್ಟು ಹೇಳಿದ ಮೇಲೆ ಚಿಕ್ಕಮ್ಮನಿಗೆ ತಿಳಿಯಿತು. ಉಸಿರು ಹಿಡಿದಷ್ಟು ಹೊತ್ತಿನಲ್ಲಿ ಎಲ್ಲ ತಿಳಿಯಿತು. ಬಾಗಿಲು ಮುಚ್ಚಿದ ಕೋಣೆಗೆ ಹಬೆ ಬಿಟ್ಟರೆ ಕೋಣೆ ಕಾಯುತ್ತದೆ, ಇದು ಒಗೆಯುವ ವಿಭಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ತುದಿಯಲ್ಲಿ ಏನಿದೆ ಅನ್ನುವುದನ್ನು ಸಮೀಕರಣಕ್ಕೆ ನಾವೇ ಹೇಳಿಕೊಡಬೇಕು, ಅದು ತಾನಾಗಿ ತಿಳಿದುಕೊಳ್ಳುವುದಿಲ್ಲ ಅಂತ ಮೇಷ್ಟ್ರು ತಿಂಗಳುಗಟ್ಟಲೆ ಬಡಿದುಕೊಂಡಿದ್ದು ಇದನ್ನೇ. ಅವಳು ಅದನ್ನೂ ಒಪ್ಪವಾಗಿ ಇಳಿಸಿಕೊಂಡಿದ್ದಳು.

ಸೂಜಿ ಗ್ರಾಫು ನೋಡಿದಳು. ಆಮೇಲೆ ಚಿಕ್ಕಮ್ಮನನ್ನು ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಅಂಗಡಿಯಲ್ಲಿ ದಿನಾ ಕಾಣುವ ಮುಖವನ್ನು ಬೇರೆಲ್ಲೋ ಕಂಡಾಗ ಯಾರಿರಬಹುದು ಅಂತ ನೋಡುತ್ತೇವಲ್ಲ, ಹಾಗಿತ್ತು. ಒಂದು ಮಾತು ಹೇಳಿದ್ದರೆ ಅವಳು ಬಚಾವಾಗುತ್ತಿದ್ದಳು. ನಾನಲ್ಲ, ಇವಳು, ಅಂದಿದ್ದರೆ ಸಾಕಿತ್ತು.

"ಜೋಡಿ ಕೆಲಸ ಸಾರ್. ಇಬ್ಬರದ್ದೂ" ಅಂದಳು.

ಆಗ ಚಿಕ್ಕಮ್ಮನಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅವಳು ಅಲ್ಲಿ ಇರಲಿಲ್ಲ ಸಾರ್. ಸಂದರ್ಶನಕ್ಕೆ ಹೋಗಿದ್ದಳು. ನಾನು ಕಳಿಸಿದ್ದೆ. ಬಟ್ಟಲು ತೆಗೆದಿದ್ದು ಅವಳಿಗೆ ಗೊತ್ತಿಲ್ಲ. ಚುಕ್ಕಿ ಇಟ್ಟಿದ್ದು ನಾನು, ಅಳೆಯದೆ."

"ಎಲ್ಲವೂ?"

"ಮೊದಲಿನವು ಅಳೆದದ್ದು."

"ಮೊದಲಿನವು ಸರಿಯಾಗೇ ಇವೆ" ಅಂದರು ಮೇಷ್ಟ್ರು. "ಬಿಸಿ ಅಲ್ಲಿಯವರೆಗೆ ತಲುಪೋ ತನಕ ಸರಳಿಗೂ ಗೊತ್ತಿರೋದಿಲ್ಲ, ತುದಿಯಲ್ಲಿ ಏನಿದೆ ಅಂತ." ಆಮೇಲೆ ಸೂಜಿಗೆ, "ಬರದೇ ಇದ್ದವಳು ಇತ್ತು ಅಂತ ಹೇಗೆ ಹೇಳಿದೆ?" ಅಂದರು. ಸೂಜಿ ತಲೆ ತಗ್ಗಿಸಿದಳು. ಮೇಷ್ಟ್ರು ಕಾಗದದ ಮೂಲೆಯಲ್ಲಿ ಬರೆದರು. ಅವರಿಗೆ ಬರೆದು ಅಭ್ಯಾಸವಿದ್ದ ಅಂಕೆಯೇ ಅದು. ದುಂಡನೆಯ ಸೊನ್ನೆ.

ಹೊರಗೆ ಬರುವಾಗ ಹಿಂದಿನ ಮೇಜಿನವರು ಯಾರೂ ಮುಖ ನೋಡಲಿಲ್ಲ. ಚಿಕ್ಕಮ್ಮ ಹೇಳಿದ್ದು ಸರಿ ಅಂದಿದ್ದ ಹುಡುಗ ತನ್ನ ಷೂ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಆ ಮಧ್ಯಾಹ್ನ ಅವಳು ಮೇಷ್ಟ್ರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಒಳಗೆ ಕರೆದರೂ ಹೋಗಲಿಲ್ಲ.

"ನನ್ನ ಹೆಸರು ಹೊಡೆದುಹಾಕಿ ಸಾರ್. ನನ್ನನ್ನ ಕಳಿಸಿಬಿಡಿ. ಅವಳ ಅಂಕ ಅವಳಿಗೆ ಕೊಡಿ."

"ಜೋಡಿಗೆ ಒಂದೇ ಅಂಕ. ಅದನ್ನ ಹರಿದು ಹಂಚೋಕೆ ಬರೋದಿಲ್ಲ."

"ಕೇಂದ್ರದವರು?"

"ಕೇಳ್ತಾರೆ. ಇರೋದನ್ನೇ ಕಳಿಸ್ತೀನಿ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಲ್ಲದ್ದನ್ನ ಬರೆದು ಕಳಿಸಿದರೆ ನಾನೂ ಚುಕ್ಕಿ ಇಟ್ಟ ಹಾಗೇ ಆಯ್ತಲ್ಲ."

ಅವಳು ಹೊರಡಲು ತಿರುಗಿದಳು.

"ಸೋಮವಾರ ಬಂದು ಮತ್ತೆ ಅಳೆಯಿರಿ, ಇಬ್ಬರೂ. ಅಂಕ ಬರೋದಿಲ್ಲ. ಆದರೆ ಅಳೆಯದೆ ಮುಂದಿನ ಅವಧಿಗೆ ಬಿಡೋದಿಲ್ಲ."

"ಸಾರ್, ಆವತ್ತು ನಾನು ಆಡಿದ ಮಾತು..."

"ಆವತ್ತಲ್ಲ, ಬೆಳಿಗ್ಗೆ" ಅಂದರು ಮೇಷ್ಟ್ರು. ಬೆಳಗಿನದು ಅವಳಿಗೆ ಆಗಲೇ ಒಂದು ವರ್ಷದ ಹಿಂದಿನದರ ಹಾಗೆ ಕಂಡಿತ್ತು.

ಅವಳು ಅಕ್ಕನ ಮನೆಗೆ ಹೋದಾಗ ಅಕ್ಕ ಮಗಳಿಗೆ ಕೋಟು ಹೊಲಿಯುತ್ತಿದ್ದಳು. ಬೆಟ್ಟದ ಮೇಲೆ ಚಳಿ ಅಂತ ಯಾರೋ ಹೇಳಿದ್ದರಂತೆ. ಗಿರಾಕಿಗಳ ಕೆಲಸ ಬದಿಗಿಟ್ಟು ದಪ್ಪ ಬಟ್ಟೆ ಕತ್ತರಿಸಿ, ಒಳಪದರಕ್ಕೆ ಅಸ್ತರಿ ಹಾಕಿ, ಒಂದು ತೋಳು ಕೂಡಿಸಿದ್ದಳು. ಸೂಜಿ ತನ್ನ ಕೋಣೆ ಸೇರಿಕೊಂಡಿದ್ದಳು. ಬರುತ್ತಲೇ ಅವರಮ್ಮನಿಗೆ, "ಸಿಗಲಿಲ್ಲಮ್ಮ, ಬೇರೆಯವರಿಗೆ ಹೋಯ್ತು" ಅಂತಷ್ಟೇ ಹೇಳಿದ್ದಳು.

"ಈ ವರ್ಷ ಇಲ್ಲದಿದ್ರೆ ಮುಂದಿನ ವರ್ಷ. ಕೋಟೇನು ಹಳಸಿ ಹೋಗೋದಿಲ್ಲ" ಅಂದಳು ಅಕ್ಕ ಚಿಕ್ಕಮ್ಮನನ್ನು ಕಂಡು. "ಬಾ, ಬಂದೆಯಲ್ಲ. ಈ ತೋಳಿನ ಹೊಲಿಗೆ ಒಂಚೂರು ಇಸ್ತ್ರಿ ಮಾಡಿ ಕೊಡು. ನಿನ್ನ ಹಾಗೆ ನನಗೆ ಬರೋದಿಲ್ಲ."

ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಒದ್ದೆ ಬಟ್ಟೆ ಹಾಸಿ ಹೊಲಿಗೆಯ ಮೇಲೆ ಒತ್ತಿದಳು. ಹಬೆ ಎದ್ದಿತು.

"ಯಾರಿಗಂತೆ ಸಿಕ್ಕಿದ್ದು?" ಅಂದಳು ಅಕ್ಕ. "ಯಾರಾದ್ರೂ ದೊಡ್ಡವರ ಮಕ್ಕಳೇ ಇರಬೇಕು. ನಮ್ಮಂಥವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರೋದಿಲ್ಲ."

ಬೆಳಿಗ್ಗೆ ತಾನೇ ಕೂಗಿದ್ದ ಮಾತು, ಅಕ್ಕನ ಬಾಯಲ್ಲಿ ಅಮಾಯಕವಾಗಿ ಬಂತು. ಅದನ್ನು ಹಾಗೇ ಬಿಟ್ಟರೆ ಅಕ್ಕ ಅದನ್ನೇ ನಂಬಿಕೊಂಡು ಮುದುಕಿಯಾಗುತ್ತಾಳೆ. ಇದನ್ನೂ ಬಾಯಿ ಮುಚ್ಚಿ ಇಳಿಸಿಕೊಂಡರೆ ಇನ್ನೊಂದು ಸುಳ್ಳು ಚುಕ್ಕಿ ಇಟ್ಟ ಹಾಗೇ.

"ಯಾರೂ ಕಿತ್ಕೊಳ್ಳಲಿಲ್ಲ ಅಕ್ಕ. ನಾನು ಕಳೆದೆ."

ಹೇಳಿದಳು. ಬಟ್ಟಲು, ಉಣ್ಣೆ, ಅಳೆಯದೆ ಬರೆದದ್ದು, ಕೂಗಾಡಿದ್ದು, ಕೊನೆಗೆ ಸೂಜಿ 'ಇಬ್ಬರದ್ದೂ' ಅಂದದ್ದು. ಹೇಳುತ್ತಾ ಹೇಳುತ್ತಾ ಕೈ ನಿಂತಿತು.

"ಇಸ್ತ್ರಿ ನಿಲ್ಲಿಸಬೇಡ. ಬಟ್ಟೆ ಸುಡುತ್ತೆ" ಅಂದಳು ಅಕ್ಕ.

ಚಿಕ್ಕಮ್ಮ ಕೈ ಆಡಿಸಿದಳು. ಅಕ್ಕ ಯಂತ್ರದ ಚಕ್ರದ ಮೇಲೆ ಕೈ ಇಟ್ಟಳು, ತಿರುಗಿಸಲಿಲ್ಲ.

"ಗೊತ್ತಿಲ್ಲದೇ ಇದ್ರೆ ಅವಳನ್ನೇ ಕೇಳಬಹುದಿತ್ತಲ್ಲೇ. ಪಕ್ಕದಲ್ಲೇ ಇದ್ದಳು."

"ಹೂಂ."

"ಚಿಕ್ಕವಳಿದ್ದಾಗಲೂ ಹೀಗೇ. ದಾರಿ ತಪ್ಪಿದ್ರೂ ಕೇಳ್ತಾ ಇರಲಿಲ್ಲ. ಸರಿಯಾದ ದಾರಿನೇ ಅಂತ ಹೊಡೆದಾಡಿ ನಮ್ಮನ್ನೆಲ್ಲ ಕರ್ಕೊಂಡು ಹೋಗ್ತಿದ್ದೆ." ಅಕ್ಕ ಕೋಟನ್ನು ಎಳೆದುಕೊಂಡು ಇನ್ನೊಂದು ತೋಳು ಕೂಡಿಸಲು ಶುರು ಮಾಡಿದಳು. ಅವಳ ಕಣ್ಣಿಂದ ಒಂದು ಹನಿ ಅಸ್ತರಿಯ ಮೇಲೆ ಬಿತ್ತು. ಒರೆಸಲಿಲ್ಲ, ಅದರ ಮೇಲೆಯೇ ಹೊಲಿಗೆ ಓಡಿಸಿದಳು. "ಊಟಕ್ಕೆ ಇಲ್ಲೇ ಇರು ಅಂತ ನಾನು ಇವತ್ತು ಹೇಳೋದಿಲ್ಲ" ಅಂದಳು.

ಸೋಮವಾರ ಪ್ರಯೋಗಾಲಯದಲ್ಲಿ ಇವರಿಬ್ಬರೇ. ಬಟ್ಟಲುಗಳಿಗೆ ಬೆಸುಗೆ ಹಾಕಿಸಿ ತಂದಿದ್ದರು. ಸೂಜಿ ಅವನ್ನು ಮುಟ್ಟಲಿಲ್ಲ. "ಉಣ್ಣೆನೇ ಸುತ್ತು" ಅಂದಳು. ಆ ನಾಲ್ಕು ದಿನಗಳಲ್ಲಿ ಚಿಕ್ಕಮ್ಮನ ಜೊತೆ ಅವಳು ಆಡಿದ ಮೊದಲ ಮಾತು ಅದು. ಚಿಕ್ಕಮ್ಮ ಸುತ್ತಿದಳು. ಅಂಚು ಮಡಚಲು ಹೋದಾಗ ದಾರ ಜಾರಿತು.

ಹಬೆ ಬಿಡುವ ಮೊದಲು ಸೂಜಿ ಹಲಗೆಯ ಹತ್ತಿರ ಹೋಗಿ ಸಮೀಕರಣ ಬರೆದಳು. ಸುಣ್ಣದ ಕಡ್ಡಿಯನ್ನು ಚಿಕ್ಕಮ್ಮನ ಕಡೆ ಚಾಚಿದಳು. "ಈಗ ತುದಿ ಮುಚ್ಚಿದೆ. ಮುಚ್ಚಿದೆ ಅಂತ ಇದಕ್ಕೆ ಹೇಳು ನೋಡೋಣ. ಹೇಗೆ ಬರೀತೀಯ?"

ಚಿಕ್ಕಮ್ಮ ಹಲಗೆಯ ಮುಂದೆ ನಿಂತಳು. ಎರಡು ಸಲ ಕೈ ಎತ್ತಿದಳು. ಮೊದಲಾಗಿದ್ದರೆ ಸುಣ್ಣದ ಕಡ್ಡಿ ಮುರಿದಿದೆ ಅಂತಲೋ ಬೆಳಕು ಸಾಲದು ಅಂತಲೋ ಜಗಳ ತೆಗೆಯುತ್ತಿದ್ದಳು.

"ನನಗೆ ಬರೋದಿಲ್ಲ" ಅಂದಳು.

"ಇದೊಂದಾ?"

"ಇಲ್ಲ. ಎಡಗಡೆ ಇರೋ ಆ ಬಾಗಿದ ಅಕ್ಷರ ಏನು ಅಂತಲೇ ತಿಳಿದಿಲ್ಲ."

ಸೂಜಿ ಅವಳನ್ನೇ ನೋಡಿದಳು. "ಅದು ಬಂದು ಮೂರು ತಿಂಗಳಾಯ್ತು."

"ಗೊತ್ತು."

"ದಿನಾ ಬಸ್ಸಿನಲ್ಲಿ ಪಕ್ಕದಲ್ಲೇ ಕೂರ್ತೀನಿ. ದಿನಾ ಕೇಳಿದ್ದೀನಿ, ತಿಳೀತಾ ಅಂತ." ಅವಳ ಧ್ವನಿ ಇಲ್ಲಿ ಒಡೆಯಿತು. "ನನ್ನ ಹತ್ರಾನೂ?"

ನಿನ್ನ ಹತ್ತಿರವೇ ಹೆಚ್ಚು ನಾಚಿಕೆ ಅಂತ ಚಿಕ್ಕಮ್ಮ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಸುಣ್ಣದ ಕಡ್ಡಿ ಬೆವರಿಗೆ ಒದ್ದೆಯಾಗಿತ್ತು.

ಸೂಜಿ ಹಲಗೆ ಒರೆಸಿದಳು. ಒದ್ದೆ ಬಟ್ಟೆಯಿಂದ ಮೂಲೆಯಿಂದ ಮೂಲೆಗೆ, ಏನೂ ಉಳಿಯದ ಹಾಗೆ ಒರೆಸಿದಳು. ಆಮೇಲೆ ಒಂದು ಸರಳಿನ ಚಿತ್ರ ಬರೆದು, ಅದರ ನಡುವೆ ಒಂದು ಸಣ್ಣ ತುಂಡು ಗುರುತು ಮಾಡಿ, ಒಳಗೆ ಬರುವ ಬಿಸಿಗೆ ಒಂದು ಬಾಣ, ಹೊರಗೆ ಹೋಗುವ ಬಿಸಿಗೆ ಒಂದು ಬಾಣ ಹಾಕಿದಳು. "ಇಲ್ಲಿಂದ ಶುರು" ಅಂದಳು. ಹೇಳಿಕೊಟ್ಟಳು. ಪ್ರೀತಿಯಿಂದ ಹೇಳಿಕೊಟ್ಟಳು ಅಂತ ನಾನು ಸುಳ್ಳು ಹೇಳುವುದಿಲ್ಲ. ಲೆಕ್ಕ ಹೇಳಿಕೊಡುವ ಹಾಗೆ ಹೇಳಿಕೊಟ್ಟಳು. ತಿಳಿಯದಲ್ಲಿ ಚಿಕ್ಕಮ್ಮ ಪ್ರತಿ ಸಲವೂ "ತಿಳೀಲಿಲ್ಲ" ಅಂದಳು. ಪ್ರತಿ ಸಲವೂ ಕಿವಿ ಬಿಸಿಯಾಗುತ್ತಿತ್ತು. ಕೊನೆಗೆ ಸೂಜಿ ಹೊಸ ಗೆರೆ ಎಳೆದಳು. ಅದರ ತುದಿ ಮೇಲಕ್ಕೆ ಏರುತ್ತಿತ್ತು.

ಹಬೆ ಬಿಟ್ಟರು. ಚಿಕ್ಕಮ್ಮ ಥರ್ಮಾಮೀಟರು ಓದಿ ಕೂಗಬೇಕು, ಸೂಜಿ ಬರೆಯಬೇಕು. ಮೊದಲ ಸಲ ಅವಳು ಓದಿ ಹೇಳಿದಾಗ ಸೂಜಿ ಬರೆಯಲಿಲ್ಲ. ಪೆನ್ನು ಕೆಳಗಿಟ್ಟು, ಎದ್ದು ಬಂದು, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ತಾನೇ ನೋಡಿದಳು. ಸರಿಯಾಗಿತ್ತು. ಹೋಗಿ ಕೂತು ಬರೆದಳು. ಎರಡನೆಯ ಸಲವೂ ಹಾಗೆಯೇ. ಆಮೇಲೂ ಹಾಗೆಯೇ. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಇದನ್ನು ನೋಡಿ ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಚಿಕ್ಕಮ್ಮನ ಮುಖ ನೋಡಿ ಬಕೆಟ್ ಎತ್ತಿಕೊಂಡು ಹೊರಟುಹೋದ.

ಬೇರೆ ಯಾರಾದರೂ ತನ್ನ ಮಾತನ್ನು ಹೀಗೆ ಒರೆ ಹಚ್ಚಿ ನೋಡಿದ್ದರೆ ಚಿಕ್ಕಮ್ಮ ಮೇಜು ಮಗುಚುತ್ತಿದ್ದಳು. ಈಗ ಅವಳು ಅಂಕಿ ಓದಿ ಹೇಳುವಳು, ಹೇಳಿ ಕಾಯುವಳು. ಕುರ್ಚಿ ಸರಿಯುವ ಸದ್ದು ಕೇಳುವಳು.

ಉಣ್ಣೆ ಸುತ್ತಿದ ತುದಿಯ ಪಾದರಸ ಏರುತ್ತಿತ್ತು. ಗೆರೆ ಹೇಳಿದಷ್ಟಲ್ಲ, ಅದಕ್ಕಿಂತ ಚೂರು ಕೆಳಗೇ. ಎಲ್ಲೋ ಒಂದಿಷ್ಟು ಬಿಸಿ ಸೋರುತ್ತಿರಬೇಕು, ತಾನು ದಾರ ಸಡಿಲ ಬಿಟ್ಟ ಕಡೆಯೇ ಇರಬೇಕು. ಚುಕ್ಕಿ ಗೆರೆಯ ಮೇಲೆ ಕೂರುವುದಿಲ್ಲ. ಅವಳು ಇದ್ದದ್ದನ್ನು ಇದ್ದ ಹಾಗೇ ಓದಿದಳು.

"ಗೆರೆಗಿಂತ ಕಡಿಮೆ ಇದೆ" ಅಂದಳು. "ನಾನು ಸುತ್ತಿದ್ದು ಸರಿ ಇಲ್ಲ ಅನ್ನಿಸುತ್ತೆ."

ಸೂಜಿ ಪೆನ್ನು ಕೆಳಗಿಟ್ಟು ಎದ್ದಳು. ಚಿಕ್ಕಮ್ಮ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟಳು.